ಹಾಡಿಯಲ್ಲಿ ಭಾನುವಾರದ ತರಗತಿ ಶುರು ಮಾಡುವುದು ಹೇಗೆ

ಕಾಲೇಜಿನ ನಾಲ್ಕಾರು ಜನ ಸೇರಿ ಹಾಡಿಯ, ಅಂದರೆ ಕಾಡಂಚಿನ ಆದಿವಾಸಿ ಊರಿನ, ಮಕ್ಕಳಿಗೆ ಪಾಠ ಮಾಡಬೇಕು ಅಂದುಕೊಂಡಿದ್ದೀರಾ? ಮಾಡಿ. ಆದರೆ ಮೊದಲ ಸಲ ಕ್ರೇಯಾನ್ಸ್ ಡಬ್ಬ ಮನೆಯಲ್ಲೇ ಇರಲಿ.

ನಾವು ಎಚ್.ಡಿ. ಕೋಟೆ ಕಡೆಯ ಒಂದು ಜೇನುಕುರುಬರ ಹಾಡಿಗೆ ಮೊದಲು ಹೋದಾಗ ಎರಡು ಚೀಲ ಸಾಮಾನು ಹೊತ್ತಿದ್ದೆವು. ಬಣ್ಣ, ಚಾರ್ಟು, ಇಂಗ್ಲಿಷ್ ರೈಮ್ಸ್. ಮಕ್ಕಳು ಬಾಯೇ ಬಿಡಲಿಲ್ಲ. ಒಂದು ಗಂಟೆ ನಾವೇ ಹಾಡಿಕೊಂಡು ನಾವೇ ಕುಣಿದೆವು. ಕೊನೆಗೆ ಚಾರ್ಟಿನಲ್ಲಿದ್ದ ಜೇನುಹುಳ ತೋರಿಸಿ ಇದೇನು ಅಂತ ಕೇಳಿದರೆ, ಹಿಂದೆ ಕೂತಿದ್ದ ಹುಡುಗ ‘ಯಾವ ಜೇನು?’ ಅಂದ. ನಾವು ಮುಖ ಮುಖ ನೋಡಿಕೊಂಡೆವು. ಹೆಜ್ಜೇನೋ, ತುಡುವೆಯೋ, ಕೋಲ್ಜೇನೋ, ನಸರಿಯೋ ಅಂತ ಬೆರಳು ಮಡಚಿದ. ಒಂದು ದೊಡ್ಡ ಮರದ ಕೊಂಬೆಗೆ ಜೋತು ಬೀಳುತ್ತದೆ, ಒಂದು ಪೊಟರೆಯೊಳಗೆ, ಇನ್ನೊಂದು ಪೊದೆಯ ಕಡ್ಡಿಗೆ, ನಸರಿಗೆ ಕೊಂಡಿಯೇ ಇಲ್ಲ ಅಂತ ಅವನು ಹೇಳುತ್ತಾ ಹೋದ ಹಾಗೆ ಉಳಿದವರೂ ಬಾಯಿ ಹಾಕಿದರು. ಮುಂದಿನ ಎರಡು ಭಾನುವಾರ ಬರೀ ಜೇನು. ಬರೆದದ್ದು, ಎಣಿಸಿದ್ದು, ಚಿತ್ರ ಬಿಡಿಸಿದ್ದು ಎಲ್ಲಾ ಅದೇ. ಅಂದರೆ ಶುರು ಮಾಡಬೇಕಾದ್ದು ಮಕ್ಕಳಿಗೆ ಗೊತ್ತಿರುವ ಕಡೆಯಿಂದ.

ಹೋಗುವ ಮೊದಲು ಹಾಡಿಯ ಯಜಮಾನರನ್ನು ಕೇಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಾದರೆ ಹಾಡಿ ಅನ್ನುವುದಿಲ್ಲ, ಪೋಡು ಅನ್ನುತ್ತಾರೆ. ಶಾಲೆಯ ಕಟ್ಟಡ ಬೇಕಿದ್ದರೆ ಹೆಡ್‌ಮಾಸ್ಟರಿಗೂ ಶಾಲೆಯ ಮೇಲುಸ್ತುವಾರಿ ಸಮಿತಿಗೂ (ಎಸ್‌ಡಿಎಂಸಿ) ಒಂದು ಪತ್ರ ಕೊಡಿ. ಕಾಡಿನೊಳಗಿನ ದಾರಿಯಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಕತ್ತಲಾಗುವ ಮೊದಲೇ ಗೇಟು ದಾಟಿರಬೇಕು. ಆನೆ ಬರುವ ಜಾಗ, ತಮಾಷೆ ಅಲ್ಲ.

ಈಗ ಭಾಷೆ. ಇಲ್ಲೇ ಜಾಸ್ತಿ ಜನ ಎಡವುವುದು. ಜೇನುಕುರುಬರ ಮಾತು, ಸೋಲಿಗರ ಮಾತು ಎರಡೂ ಕನ್ನಡಕ್ಕೆ ಹತ್ತಿರ. ಹತ್ತಿರ ಅನ್ನುವುದೇ ತೊಂದರೆ. ತೀರಾ ಬೇರೆ ಭಾಷೆಯಾಗಿದ್ದರೆ ಮೇಷ್ಟ್ರು ಬೇರೆ ಭಾಷೆ ಅಂತ ಒಪ್ಪುತ್ತಿದ್ದರು, ಇಲ್ಲಿ ತಪ್ಪು ಕನ್ನಡ ಅಂತ ತಿದ್ದುತ್ತಾರೆ. ನಾಲ್ಕು ಸಲ ತಿದ್ದಿಸಿಕೊಂಡ ಮಗು ಐದನೇ ಸಲ ಸುಮ್ನೆ ಕೂರುತ್ತದೆ. ನೀವು ತಿದ್ದಬೇಡಿ. ಒಂದು ನೋಟ್‌ಬುಕ್ಕಿಗೆ ನಡುವೆ ಗೆರೆ ಹಾಕಿ, ಎಡಕ್ಕೆ ಅವರ ಪದ, ಬಲಕ್ಕೆ ಪಠ್ಯಪುಸ್ತಕದ ಪದ. ಎಡಗಡೆ ತುಂಬಿಸುವವರು ಮಕ್ಕಳು. ಪದ ಹೊಳೆಯದಿದ್ದರೆ ಓಡಿಹೋಗಿ ಅಜ್ಜಿಯನ್ನು ಕೇಳಿಕೊಂಡು ಬರುತ್ತಾರೆ. ಕಾಡಿನ ಗೆಣಸಿನ ವಿಷಯ ಬಂದ ದಿನ ಅಜ್ಜಿಯೇ ಎದ್ದು ಬಂದು ಕೂತುಬಿಟ್ಟರು.

ತರಗತಿ ನಡೆಸಲು ಹಾಡಿಯಲ್ಲೇ ಪಿಯುಸಿ ಮಾಡಿದ ಒಬ್ಬ ಹುಡುಗನೋ ಹುಡುಗಿಯೋ ಬೇಕೇ ಬೇಕು. ನೀವು ದುಡ್ಡು ಕೂಡಿಸಿದರೆ ಅದರಲ್ಲಿ ಮೊದಲ ಪಾಲು ಅವರ ಗೌರವಧನಕ್ಕೆ, ಆಮೇಲೆ ನಿಮ್ಮ ಟೀ ಶರ್ಟಿಗೆ. (ಟೀ ಶರ್ಟು ಬೇಡವೇ ಬೇಡ, ನನ್ನ ಕೇಳಿದರೆ.) ನಿಮಗೆ ಪರೀಕ್ಷೆ ಇದ್ದಾಗಲೂ ತರಗತಿ ನಿಲ್ಲದಿರುವುದು ಅವರಿಂದಲೇ.

ಕ್ಯಾಲೆಂಡರ್ ನಿಮ್ಮ ಕಾಲೇಜಿನದ್ದಲ್ಲ. ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಎಷ್ಟೋ ಮನೆಯವರು ಮಕ್ಕಳ ಸಮೇತ ತೋಟದಲ್ಲಿ ಕೂಲಿಯವರಿಗಿರುವ ಲೈನ್‌ಮನೆಗೆ ಹೋಗುತ್ತಾರೆ. ವಾಪಸ್ ಬಂದ ಮಕ್ಕಳಿಗೆ ಬಿಟ್ಟುಹೋದ ಪಾಠ ಹೇಳಿಕೊಡುವುದೇ ಆಗ ನಿಮ್ಮ ದೊಡ್ಡ ಕೆಲಸ.

ಹಾಡಿಯವರಿಗೂ ಕಾಡಿಗೂ ನಡುವೆ ಏನೇನಾಯಿತು ಅಂತ ಸ್ವಲ್ಪ ಇತಿಹಾಸ ಓದಿಕೊಂಡು ಹೋಗಿ. ಕಬಿನಿ ಜಲಾಶಯ, 1972ರ ವನ್ಯಜೀವಿ ಕಾಯ್ದೆ, ನಾಗರಹೊಳೆ ಕಾಡಿನಿಂದ ಇವರನ್ನು ಒಕ್ಕಲೆಬ್ಬಿಸಿದ್ದು, 2006ರ ಅರಣ್ಯ ಹಕ್ಕು ಕಾಯ್ದೆ, ಇಷ್ಟಾದರೂ. ‘ನೀವು ಯಾಕೆ ಕಾಡು ಬಿಟ್ಟು ಬಂದ್ರಿ?’ ಅಂತ ನಮ್ಮವನೊಬ್ಬ ಒಬ್ಬ ಹಿರಿಯರನ್ನು ಕೇಳಿದ್ದ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಯುವಕರೇ ಕಟ್ಟಿದ ಕೆಲಸದ ಉದಾಹರಣೆ ಬೇಕಿದ್ದರೆ ಎಚ್.ಡಿ. ಕೋಟೆಯಲ್ಲೇ ಇದೆ: 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಶುರು ಮಾಡಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಆಮೇಲೆ ಹೊಸಹಳ್ಳಿಯಲ್ಲಿ ಬೆಳೆದ ಅವರ ಶಾಲೆ. ಬಿಳಿಗಿರಿರಂಗನ ಬೆಟ್ಟದ ಕಡೆಯಾದರೆ ಡಾ. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ.

ಪೇಟೆಯ ಮಕ್ಕಳನ್ನು ಹಾಡಿಗೆ ಕರೆದುಕೊಂಡು ಹೋಗುವ ಆಸೆ ಇದ್ದರೆ ಅವರನ್ನು ಶಿಷ್ಯರ ಹಾಗೆ ಕರೆದೊಯ್ಯಿರಿ. ಹೆಜ್ಜೆಗುರುತು ಓದುವುದು, ಗಿಡ ಗುರುತಿಸುವುದು, ಹೇಳಿಕೊಡುವವರು ಹಾಡಿಯ ಮಕ್ಕಳು. ಆಮೇಲೆ ಹಾಡಿಯವರೂ ಮೈಸೂರಿಗೆ ಬರಲಿ, ಅತಿಥಿಗಳಾಗಿ. ವೇದಿಕೆ ಹತ್ತಿಸಿ, ಸೊಪ್ಪು ಕಟ್ಟಿಸಿ ಕುಣಿಸಬೇಡಿ. ಮಕ್ಕಳ ಫೋಟೋ ಹಾಕುವ ಮುನ್ನ ಅಪ್ಪ ಅಮ್ಮನನ್ನು ಕೇಳಿ, ನಿಮ್ಮ ತಂಗಿಯ ಫೋಟೋ ಆದರೆ ಕೇಳುತ್ತಿರಲಿಲ್ಲವಾ?

ಎಷ್ಟು ಸಲ ಹೋಗಬೇಕು? ತಿಂಗಳಿಗೆ ಎರಡು ಭಾನುವಾರ ಸಾಕು, ಆದರೆ ಹೇಳಿದ ಭಾನುವಾರ ತಪ್ಪಿಸಬೇಡಿ. ಒಂದು ವರ್ಷ ಬರಲಾಗದವರನ್ನು ತಂಡಕ್ಕೇ ಸೇರಿಸಬೇಡಿ. ಶಾಲೆ ಶುರುವಾಗುವ ಮೊದಲೇ, ಮೇ ತಿಂಗಳಲ್ಲಿ, ಒಮ್ಮೆ ಕೈಬೀಸಿಕೊಂಡು ಹೋಗಿ ಯಜಮಾನರನ್ನು ನೋಡಿ ಬನ್ನಿ. ಬೆಳಿಗ್ಗೆ ಬೇಗನೇ ಎಚ್.ಡಿ. ಕೋಟೆ ಬಸ್ ಹತ್ತಿ, ವಾಪಸ್ ಬರುವ ಬಸ್ಸಿನ ಟೈಮು ಹೋಗುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.