ಗುಂಪಿನಲ್ಲಿ ಒಂದು ಬೇರೆ ಸ್ವಾಲೋ: ಗುರುತಿಸುವುದು, ದಾಖಲಿಸುವುದು ಹೇಗೆ?

ನೀರಿನ ಮೇಲೆ, ಹಾರುತ್ತಲೇ ಹುಳ ಹಿಡಿಯುವ ಪುಟ್ಟ ಹಕ್ಕಿಗಳಾದ ಸ್ವಾಲೋಗಳ ಗುಂಪು ಹಾರಾಡುತ್ತಿದೆ. ಒಂದು ಮಾತ್ರ ಯಾಕೋ ಬೇರೆ ಥರ ಕಾಣುತ್ತಿದೆ. ಆಗ ಹಕ್ಕಿ ಗುರುತಿಸುವ ಪುಸ್ತಕ ತೆರೆಯಬೇಡಿ. ಪುಟ ತಿರುವಿ ತಲೆ ಎತ್ತುವಷ್ಟರಲ್ಲಿ ಅದು ಗುಂಪಿನಲ್ಲಿ ಬೆರೆತುಹೋಗಿರುತ್ತದೆ.

ಮೊದಲು ಅದು ಸ್ವಾಲೋ ಹೌದೋ ಅಲ್ವೋ ನೋಡಿ. ನೀಳವಾಗಿ ಬಾಗಿದ, ಸೆಟೆದ ರೆಕ್ಕೆಯಿದ್ದರೆ ಅದು ಸ್ವಾಲೋದಂತೆಯೇ ಕಾಣುವ ಬೇರೆ ಹಕ್ಕಿ, ಸ್ವಿಫ್ಟ್ ಇರಬಹುದು. ತಂತಿಯ ಮೇಲೆ ಸಾಲಾಗಿ ಕೂರುವುದು ಸ್ವಾಲೋ, ಸ್ವಿಫ್ಟ್ ಅಲ್ಲ.

ನಂತರ ಬಾಲದ ಬುಡ ನೋಡಿ. ಹೆಚ್ಚಿನವರು ಬಾಲದ ಕವಲನ್ನೇ ದಿಟ್ಟಿಸುತ್ತಾರೆ. ಅದನ್ನು ನಾನಂತೂ ಅಷ್ಟು ನಂಬುವುದಿಲ್ಲ. ಎಳೆಯ ಹಕ್ಕಿಗೆ ಬಾಲದಂಚಿನ ಉದ್ದನೆಯ ಗರಿಗಳು ಇನ್ನೂ ಬಂದಿರುವುದಿಲ್ಲ, ಗರಿ ಬದಲಿಸುವಾಗ ದೊಡ್ಡ ಹಕ್ಕಿಯದೂ ಉದುರಿರಬಹುದು. ಸಾಮಾನ್ಯವಾಗಿ ಕಾಣುವ ಮೂರು ಜಾತಿಗಳು ಹೀಗಿವೆ. ಬಾರ್ನ್ ಸ್ವಾಲೋದ ಬೆನ್ನು ಬಾಲದವರೆಗೂ ಕಡುನೀಲಿ. ಕೆಂಗಂದು ಗಂಟಲಿನ ಕೆಳಗೆ ಕಪ್ಪು ಪಟ್ಟಿ. ರೆಡ್‌ರಂಪ್ಡ್ ಸ್ವಾಲೋಗೆ ಬಾಲದ ಬುಡದ ಮೇಲೆ ಕೆಂಗಂದು ಮಚ್ಚೆ, ಕೆಳಗೆ ಮಾತ್ರ ಬಾಲವನ್ನು ಬುಡದವರೆಗೆ ಮಸಿಯಲ್ಲಿ ಅದ್ದಿದಂತೆ ಕಪ್ಪು. ವೈರ್‌ಟೇಲ್ಡ್ ಸ್ವಾಲೋದ ನೆತ್ತಿ ಕೆಂಗಂದು, ಗಂಟಲಿಂದ ಹೊಟ್ಟೆಯವರೆಗೆ ಅಪ್ಪಟ ಬಿಳಿ. ನಿಮ್ಮ ಹಕ್ಕಿ ಯಾವುದರಲ್ಲಿ ಇವುಗಳಿಂದ ಬೇರೆ ಎಂದು ಕೇಳಿಕೊಳ್ಳಿ. ಬಿಸಿಲು ಮೋಸ ಮಾಡುತ್ತದೆ. ಹೊಳೆಯುವ ಬೆನ್ನು ಒಂದು ಕೋನದಲ್ಲಿ ಬೆಳ್ಳಗೆ ಕಾಣಬಹುದು, ಎರಡು ಮೂರು ಕಡೆಯಿಂದ ಕಂಡ ಮೇಲೆಯೇ ನಂಬಿ.

ಫೋಟೊಗೆ ಓಡಾಡಬೇಡಿ. ಸ್ವಾಲೋ ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಸುತ್ತುತ್ತದೆ. ಸೂರ್ಯ ಬೆನ್ನಿಗಿರುವಂತೆ ನಿಂತು ಕಾಯಿರಿ. ಶಟರ್ ವೇಗ ಸೆಕೆಂಡಿನ 2000ನೇ ಒಂದು ಭಾಗ ಅಥವಾ ಅದಕ್ಕಿಂತ ಜಾಸ್ತಿ ಇರಲಿ, ಫೋಕಸ್ ನಿರಂತರ ಮೋಡ್‌ನಲ್ಲಿರಲಿ. ಆಕಾಶದ ಎದುರು ಹೊಟ್ಟೆ ಕಪ್ಪಾಗದಂತೆ ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕು) ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಏರಿಸಿ. ಚಿತ್ರ ಮಸುಕಾದರೂ ಪರವಾಗಿಲ್ಲ. ಬೆನ್ನು, ಗಂಟಲು, ಬಾಲದ ಅಡಿ ಮೂರೂ ಸಿಗಬೇಕು. ತಂತಿಯ ಮೇಲೆ ಕೂತರೆ ಇನ್ನೂ ಒಳ್ಳೆಯದು: ಎದೆಯ ಮೇಲೆ ಗೆರೆಗಳಿದ್ದರೆ ಅವು ತೆಳುವೋ ದಪ್ಪವೋ ಎಂಬುದು ಆಗ ಚೆನ್ನಾಗಿ ತಿಳಿಯುತ್ತದೆ.

ಪುಸ್ತಕ ತೆರೆಯುವ ಮುಂಚೆ ಅಲ್ಲೇ ನಿಂತು ಬರೆಯಿರಿ: ಸಮಯ, ಜಾಗ, ದೂರ, ಬೆಳಕು, ಪಕ್ಕದ ಹಕ್ಕಿಗಿಂತ ದೊಡ್ಡದೋ ಚಿಕ್ಕದೋ. ಏನು ಕಾಣಲಿಲ್ಲ ಎಂಬುದನ್ನೂ ಬರೆಯಿರಿ. ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣವಾದ ಇಬರ್ಡ್‌ನಲ್ಲಿ ಅಪರೂಪದ ಹಕ್ಕಿ ಸೇರಿಸಿದರೆ ವಿವರ ಕೇಳುತ್ತಾರೆ. ‘ಖಂಡಿತ ಅದೇ’ ಎಂದರೆ ಸಾಲದು, ಸಾಮಾನ್ಯ ಜಾತಿ ಯಾಕಲ್ಲ ಎಂದು ಹೇಳಬೇಕು. ತಿದ್ದದ ಮೂಲ ಫೋಟೊಗಳನ್ನು ಅಳಿಸಬೇಡಿ. ಗೂಡಿದ್ದರೆ ಹತ್ತಿರ ಹೋಗಬೇಡಿ.

ಹೆಸರು ಖಾತ್ರಿಯಾಗದಿದ್ದರೆ ಸುಮ್ನೆ ಊಹಿಸಬೇಡಿ. ಜಾತಿ ಹೇಳದೆ ಬರೀ ಸ್ವಾಲೋ ಎಂದು ದಾಖಲಿಸಲೂ ಇಬರ್ಡ್‌ನಲ್ಲಿ ಅವಕಾಶವಿದೆ. ಫೋಟೊ ಜೊತೆಗಿದ್ದರೆ ಹೆಸರನ್ನು ಆಮೇಲೆ ತಿದ್ದಬಹುದು.