ಬಂಗುಡೆಗೆ ಬರೀ ಫ್ರಿಜ್ ಸಾಲದು

ಭಾನುವಾರ ಮೀನು ಮಾರುಕಟ್ಟೆಯ ಹೊರಗೆ ವಾರವಾರವೂ ನೋಡುತ್ತೇನೆ: ಬಂಗುಡೆಯ ಚೀಲ ಸ್ಕೂಟರಿನ ಕೊಕ್ಕೆಯಲ್ಲಿ ತೂಗುತ್ತಿರುತ್ತದೆ, ಕೊಂಡವರು ತರಕಾರಿಗೆ, ಅಲ್ಲಿಂದ ದಿನಸಿಗೆ ಹೋಗಿರುತ್ತಾರೆ. ಮನೆ ಮುಟ್ಟುವಾಗ ಎರಡು ಗಂಟೆ ಕಳೆದಿರುತ್ತದೆ. ಮೀನನ್ನು ಕೊನೆಗೆ ಕೊಳ್ಳಿ, ಮಾರುವ ಅಕ್ಕನ ಹತ್ತಿರ ಎರಡು ಹಿಡಿ ಐಸ್ ಕೇಳಿ ಹಾಕಿಸಿಕೊಳ್ಳಿ.

ಆರಿಸುವಾಗ ಕಿವಿರಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿ ನೋಡಿ. ಒಳಗೆ ಕೆಂಪಗಿರಬೇಕು, ಕಂದಾಗಿ ಲೋಳೆ ಕಟ್ಟಿದ್ದರೆ ಬೇಡ. ಕಣ್ಣು ಉಬ್ಬಿ ಹೊಳೆಯಬೇಕು. ಬೆನ್ನು ಒತ್ತಿದರೆ ಬಿದ್ದ ಗುಳಿ ಕೂಡಲೇ ತುಂಬಿಕೊಳ್ಳಬೇಕು. ಬೂತಾಯಿಯ ಹೊಟ್ಟೆ ಒಡೆದಿದ್ದರೆ ಮುಟ್ಟಲೇಬೇಡಿ. ಅಂಜಲನ್ನು ತುಂಡಾಗಿ ಕೊಳ್ಳುವುದು ನನಗೆ ಸರಿಬರುವುದಿಲ್ಲ. ಇಡೀ ಮೀನು ನೋಡಿ ಎದುರಿಗೇ ಕತ್ತರಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ದೂರದಿಂದ ಲಾರಿಯಲ್ಲಿ ಬರುವ ಮೀನೇ ಹೆಚ್ಚು, ಇದೆಲ್ಲವನ್ನೂ ಎರಡೆರಡು ಸಲ ನೋಡಿ.

ಮನೆಗೆ ಬಂದೊಡನೆ ಕರುಳು, ಕಿವಿರು ತೆಗೆದು ತಣ್ಣೀರಲ್ಲಿ ತೊಳೆಯಿರಿ.

ಎಲ್ಲರೂ ಎಡವುವುದು ಇದಾದ ಮೇಲೆ. ತೊಳೆದ ಮೀನನ್ನು ಬಟ್ಟಲಿನಲ್ಲಿ ಫ್ರಿಜ್ಜಿಗೆ ತಳ್ಳಿ ಮರೆತುಬಿಡುತ್ತಾರೆ. ಫ್ರಿಜ್ಜಿನೊಳಗೆ 4 ಡಿಗ್ರಿ ಇದ್ದರೇ ಪುಣ್ಯ, ಮಕ್ಕಳು ಗಳಿಗೆಗೊಮ್ಮೆ ಬಾಗಿಲು ತೆಗೆಯುವ ಮನೆಯಲ್ಲಿ ಅದೂ ಇರುವುದಿಲ್ಲ. ಮೀನಿಗೆ ಬೇಕಾದದ್ದು 0 ಡಿಗ್ರಿ, ಅದನ್ನು ಕೊಡುವುದು ಕರಗುತ್ತಿರುವ ಐಸ್. ಅಗಲ ಬೋಗುಣಿಯ ಮೇಲೆ ತೂತಿನ ಪಾತ್ರೆ ಇಡಿ. ಅಡಿಯಲ್ಲಿ ಜಜ್ಜಿದ ಐಸ್, ಅದರ ಮೇಲೆ ಹೊಟ್ಟೆ ಕೆಳಗಾಗಿ ಮೀನು, ಮೇಲೆ ಮತ್ತೆ ಐಸ್. ಮೀನಿನ ತೂಕದಷ್ಟೇ ಐಸ್ ಇರಲಿ, ಇಡೀ ಪಾತ್ರೆ ಫ್ರಿಜ್ಜಿನಲ್ಲಿರಲಿ. ಕರಗಿದ ನೀರು ಕೆಳಗೆ ಬಸಿಯುತ್ತದೆ. ಚೆಲ್ಲಿ, ಐಸ್ ತುಂಬಿ. ನೀರಲ್ಲೇ ನೆನೆದ ಮೀನು ಮೆತ್ತಗಾಗಿ ಸಪ್ಪೆಯಾಗುತ್ತದೆ. ತುಂಡು ಮಾಡಿದ್ದರೆ ಮುಚ್ಚಿದ ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಐಸ್‌ನಲ್ಲಿ ಹೂತಿಡಿ. ಹೀಗಿಟ್ಟರೂ ಮರುದಿನ ಅಡುಗೆ ಮಾಡಿ ಮುಗಿಸಿ.

ಮಸಾಲೆ ಹಚ್ಚಿಟ್ಟರೆ ಕೆಡುವುದಿಲ್ಲವೆಂದು ನಂಬಿದವರು ಬಹಳ. ಹುಣಸೆ, ಖಾರದ ಘಾಟು ಕೆಟ್ಟ ವಾಸನೆಯನ್ನು ಮುಚ್ಚುತ್ತದೆ, ಅಷ್ಟೇ.

ಹೆಚ್ಚು ದಿನಕ್ಕೆ ಬೇಕಾದರೆ ಒಂದೊಂದು ಊಟಕ್ಕಾಗುವಷ್ಟು ಕಟ್ಟಿ ಫ್ರೀಜರಿಗೆ ಹಾಕಿ. ತೆಳ್ಳನೆಯ ಕ್ಯಾರಿಬ್ಯಾಗ್ ಬೇಡ, ಅದರಲ್ಲಿ ಮೀನು ಒಣಗಿ ಬಿಳಿ ಕಲೆ ಬೀಳುತ್ತದೆ. ದಪ್ಪ ಚೀಲದಿಂದ ಗಾಳಿ ಪೂರ್ತಿ ಹಿಂಡಿ ತೆಗೆಯಿರಿ. ಬಂಗುಡೆ, ಬೂತಾಯಿಗಳ ಎಣ್ಣೆ ಬೇಗ ಕಮಟುವುದರಿಂದ ಎರಡು ತಿಂಗಳಲ್ಲಿ ಮುಗಿಸಿ. ಹೆಪ್ಪು ಬಿಡಿಸುವುದು ಫ್ರಿಜ್ಜಿನ ಕೆಳತಟ್ಟೆಯಲ್ಲಿ, ರಾತ್ರಿಯಿಡೀ.

ಇನ್ನು, ‘ಚೆನ್ನಾಗಿ ಹುರಿದರೆ ಆಯಿತು’ ಎನ್ನುವವರಿಗೆ. ಬಿಸಿಲಲ್ಲಿ ಬಿದ್ದ ಬಂಗುಡೆ, ಬೂತಾಯಿ, ಟ್ಯೂನಾದಲ್ಲಿ ಬ್ಯಾಕ್ಟೀರಿಯಾ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ತರುವ ವಸ್ತುವನ್ನು ಹುಟ್ಟಿಸುತ್ತವೆ. ಹುರಿದರೂ ಕುದಿಸಿದರೂ ಹೆಪ್ಪುಗಟ್ಟಿಸಿದರೂ ಅದು ಹೋಗುವುದಿಲ್ಲ; ನೋಟ, ವಾಸನೆ ಸರಿಯಿದ್ದಾಗಲೂ ಇರಬಹುದು. ನಾಲಗೆ ಕಾಳುಮೆಣಸು ಕಡಿದಂತೆ ಚುರುಗುಟ್ಟಿದರೆ ತಿನ್ನುವುದನ್ನು ಅಲ್ಲಿಗೇ ನಿಲ್ಲಿಸಿ. ಮುಖ ಕೆಂಪೇರಿ ತುರಿಕೆ, ತಲೆನೋವು ಬಂದರೆ ವೈದ್ಯರನ್ನು ಕಾಣಿ. ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ತಿಂದ ಮೀನು ಯಾವುದೆಂದು ತಿಳಿಸಿ.