ಮಳೆಗಾಲಕ್ಕೆ ಯೆಜ್ಡಿ ನಿಲ್ಸೋದು: ನಾನ್ ಮಾಡೋ ರೀತಿ

ಫಾರಿನ್ನವ್ರ ವಿಡಿಯೋಲೆಲ್ಲಾ ಚಳಿಗಾಲಕ್ಕೆ ಬೈಕ್ ಹೆಂಗ್ ನಿಲ್ಸೋದು ಅಂತ ತೋರಿಸ್ತಾರೆ, ಅವ್ರಿಗೆ ಹಿಮ, ರೋಡಿಗೆ ಬೇರೆ ಉಪ್ಪು ಹಾಕ್ತಾರೆ. ನಮ್ ಮೈಸೂರಲ್ಲಿ ಡಿಸೆಂಬರ್ ಜನವರಿನೇ ಗಾಡಿ ಓಡ್ಸಕ್ಕೆ ಮಜಾ, ಇಲ್ಲಿ ಗಾಡಿ ತಿನ್ನೋದು ಮಳೆಗಾಲದ ತೇವ. ಹಂಗಾಗಿ ಜುಲೈ ಎರಡನೇ ಭಾನುವಾರ ಜಾವಾ ಡೇ (ಜಾವಾ, ಯೆಜ್ಡಿ ಬೈಕಿನವ್ರೆಲ್ಲಾ ಸೇರೋ ದಿನ) ಮುಗಿಸ್ಕೊಂಡು ಬಂದು ನನ್ ಯೆಜ್ಡಿ ರೋಡ್‌ಕಿಂಗ್ ನಿಲ್ಸಿದ್ರೆ ಮತ್ತೆ ತೆಗ್ಯೋದು ಆಯುಧಪೂಜೆಗೇ. ಯೆಜ್ಡಿ ತಯಾರಾಗ್ತಿದ್ದ ಇಲ್ಲಿನ ಯಾದವಗಿರಿ ಫ್ಯಾಕ್ಟರಿ 1996ರಲ್ಲೇ ಬಾಗ್ಲು ಹಾಕ್ತು, ಒರಿಜಿನಲ್ ಪಾರ್ಟ್ಸ್‌ಗೆ ಈಗ ಹೇಳಿದ್ದೇ ರೇಟು.

ಮುಖ್ಯ ವಿಷ್ಯ ಪೆಟ್ರೋಲು. ನಮ್ ಮೆಕ್ಯಾನಿಕ್ ಸಾಬ್ರು "ಟ್ಯಾಂಕ್ ಫುಲ್ ಮಾಡಿಟ್ಬಿಡಿ ಸಾರ್, ಗಾಳಿಗೆ ಜಾಗ ಇಲ್ದಿದ್ರೆ ತುಕ್ಕೂ ಇಲ್ಲ" ಅಂತಾರೆ. ಮುಂಚೆ ಸಿಗ್ತಿದ್ದ ಪೆಟ್ರೋಲಿಗೆ ಅದು ಸರಿ, ಆದ್ರೆ ಈಗ ಬಂಕಲ್ಲಿ ಸಿಗೋದು ಇ20, ನೂರಕ್ಕೆ 20 ಭಾಗ ಎಥನಾಲ್, ಅದು ಗಾಳೀಲಿರೋ ತೇವ ಹೀರ್ಕೊಳ್ಳುತ್ತೆ, ಜಾಸ್ತಿ ಆದ್ರೆ ನೀರು ಎಥನಾಲ್ ಎರಡೂ ಸೇರ್ಕೊಂಡು ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಕೂತ್ಕೊಳ್ಳುತ್ತೆ. ಯೆಜ್ಡಿ ಥರದ ಟೂ ಸ್ಟ್ರೋಕ್ ಗಾಡೀಲಿ ಇಂಜಿನ್ನಿಗೆ ಬೇಕಾದ ಆಯಿಲ್ ಬರೋದೇ ಪೆಟ್ರೋಲ್ ಜೊತೆ, ಅದು ಮೇಲಿನ ಪೆಟ್ರೋಲಲ್ಲೇ ಉಳ್ಕೊಳ್ಳುತ್ತೆ, ಪೆಟ್ರೋಲ್ ಬಿಡೋ ನಲ್ಲಿ (ಕಾಕ್) ಇರೋದು ಟ್ಯಾಂಕಿನ ತಳದಲ್ಲಿ. ಅಂದ್ರೆ ಮೊದ್ಲು ಕಾರ್ಬೊರೇಟರಿಗೆ ಇಳಿಯೋದೇ ಎಣ್ಣೆ ಇಲ್ದಿರೋ ನೀರು. ಸ್ಟಾರ್ಟ್ ಆಗ್ದಿದ್ರೆ ಪುಣ್ಯ, ಆಗ್ಬಿಟ್ರೆ ಎಣ್ಣೆ ಇಲ್ದೆ ಪಿಸ್ಟನ್ ಸೀಜು, ಅಂದ್ರೆ ಸಿಲಿಂಡರಲ್ಲೇ ಕಚ್ಕೊಂಡ್ ನಿಂತ್ಬಿಡುತ್ತೆ.

ಅದಕ್ಕೆ ನಾನು ಟ್ಯಾಂಕ್ ಪೂರ್ತಿ ಖಾಲಿ ಮಾಡ್ತೀನಿ, ಕಾಂಪೌಂಡಲ್ಲಿ, ಹತ್ರ ಯಾರೂ ಬೀಡಿ ಹಚ್ಚದಂಗೆ ನೋಡ್ಕೊಂಡು. ಅದಕ್ಕೂ ಮುಂಚೆ ಕೊನೇ ರೈಡಿಗೆ ಲೀಟರಿಗೆ 40 ಎಂಎಲ್ ಬದ್ಲು ಸ್ವಲ್ಪ ಜಾಸ್ತಿನೇ ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿ, ರಿಂಗ್ ರೋಡಲ್ಲಿ ಸೈಲೆನ್ಸರ್ ಚೆನ್ನಾಗಿ ಕಾಯೋ ತನಕ ಓಡ್ಸಿ, ಮನೇಗ್ ಬಂದು ಕಾಕ್ ಮುಚ್ಚಿ ಇಂಜಿನ್ ತಾನಾಗೇ ಆಫ್ ಆಗಕ್ಕೆ ಬಿಡ್ತೀನಿ, ಕಾರ್ಬೊರೇಟರ್ ಖಾಲಿಯಾಗುತ್ತೆ, ಒಳಗಿನ ಬೇರಿಂಗಿಗೂ ಎಣ್ಣೆ ಹಿಡಿದಿರುತ್ತೆ. ಖಾಲಿ ಟ್ಯಾಂಕಿಗೆ ಒಂದಷ್ಟು ಟೂಟಿ ಆಯಿಲ್ ಸುರಿದು, ಎಲ್ಲಾ ಮೂಲೆಗೂ ಹತ್ತೋ ಹಂಗೆ ತಿರುಗ್ಸೋದು. ಆಮೇಲೆ ಪ್ಲಗ್ ಬಿಚ್ಚಿ ಒಂದು ಚಮಚ ಆಯಿಲ್, ಮೆಲ್ಲಗೆ ಕಿಕ್ ಒತ್ತಿ, ಪಿಸ್ಟನ್ ಮೇಲಕ್ಕೆ ತಂದು ನಿಲ್ಸೋದು, ಆಗ ಹೊಗೆ ಹೊರಗೆ ಹೋಗೋ ತೂತು (ಎಕ್ಸಾಸ್ಟ್ ಪೋರ್ಟ್) ಮುಚ್ಕೊಂಡಿರುತ್ತೆ, ಸೈಲೆನ್ಸರ್ ಕಡೆಯಿಂದ ತೇವ ಸಿಲಿಂಡರ್‌ಗೆ ಹೋಗಲ್ಲ.

ಎರಡೂ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕ್ತೀನಿ, ಇಲ್ಲಾಂದ್ರೆ ಕಣಜದ ಹುಳ ಮಣ್ಣು ತಂದು ಗೂಡ್ ಕಟ್ಟುತ್ತೆ. ಬ್ಯಾಟರಿ ಬಿಚ್ಚಿ (ಮೊದ್ಲು ನೆಗೆಟಿವ್) ಒಳಗಿಟ್ಟು ತಿಂಗ್ಳಿಗೊಂದ್ ಸಲ ಚಾರ್ಜು. ಡಬಲ್ ಸ್ಟ್ಯಾಂಡು, ಟೈರಿಗೆ ಎರಡ್ಮೂರು ಪಾಯಿಂಟ್ ಗಾಳಿ ಜಾಸ್ತಿ, ಚೈನಿಗೆ ಗ್ರೀಸು, ಅಷ್ಟೇ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ, ಒಳಗೇ ಬೆವರುತ್ತೆ, ಹಳೇ ಕಾಟನ್ ಬೆಡ್‌ಶೀಟ್ ಸಾಕು.

ವಾರಕ್ಕೊಂದ್ ಸಲ ಐದ್ ನಿಮಿಷ ಸ್ಟಾರ್ಟ್ ಮಾಡಿ ಅಂತ ಎಲ್ರೂ ಹೇಳ್ತಾರಲ್ಲ, ಅದು ನಂಗೆ ಒಪ್ಗೆ ಇಲ್ಲ, ಪೆಟ್ರೋಲ್ ಉರಿದಾಗ ನೀರಾವಿನೂ ಬರುತ್ತೆ, ಸೈಲೆನ್ಸರ್ ಪೂರ್ತಿ ಕಾಯದೆ ಆಫ್ ಮಾಡಿದ್ರೆ ಅದು ಅಲ್ಲೇ ನೀರಾಗಿ ನಿಲ್ಲುತ್ತೆ. ನಿಲ್ಸಿದ್ಮೇಲೆ ನಿಲ್ಸಿದ್ದೇ.

ಆಯುಧಪೂಜೆ ಹಿಂದಿನ ದಿನ ಬಟ್ಟೆ ತೆಗ್ದು, ಪ್ಲಗ್ ಇಲ್ದೇನೇ ಒಂದಷ್ಟು ಕಿಕ್ ಹೊಡ್ದು, ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿದ್ರೆ ಬೀದಿ ತುಂಬಾ ಹೊಗೆ, ಎದುರು ಮನೆ ಆಂಟಿ ಕಿಟಕಿ ಹಾಕ್ಕೋತಾರೆ. ಬ್ರೇಕ್ ಡ್ರಮ್ಮಲ್ಲಿ ಸ್ವಲ್ಪ ತುಕ್ಕು ಇದ್ದೇ ಇರುತ್ತೆ, ಮೊದಲ ಒಂದೆರಡ್ ಸಲ ಹಿಡಿದಾಗ ಕಿರ್ ಅನ್ನುತ್ತೆ, ಗಲ್ಲಿಯೊಳಗೇ ಮೆಲ್ಲಗೆ ಓಡ್ಸಿ ಅದನ್ನ ಸವೆಸ್ಕೊಂಡೇ ಮೇನ್ ರೋಡಿಗೆ ಹೋಗಿ.